ಪರದೆಯ ಮೇಲೆ ನಮ್ಮದೇ ಬಾಯಿ

ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ಒರಗಿದವರ ಕಣ್ಣಿಗೆ ನೇರವಾಗಿ ಬೀಳುವ ಹಾಗೆ ಈಗ ಒಂದು ಪರದೆ ಇರುತ್ತದೆ. ದೊಡ್ಡ ಊರುಗಳಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡ್ ಎದುರಿನ ಮಹಡಿ ಮೇಲಿನ ಕ್ಲಿನಿಕ್ಕುಗಳಲ್ಲೂ ಅದು ಬಂದಿದೆ. ಡಾಕ್ಟರು ಪೆನ್ನಿನಷ್ಟು ದಪ್ಪದ ಕ್ಯಾಮೆರಾವನ್ನು ಬಾಯೊಳಗೆ ಆಡಿಸುತ್ತಾರೆ. ಕೊನೆಯ ದವಡೆ ಹಲ್ಲು ಅಂಗೈಯಗಲ ದೊಡ್ಡದಾಗಿ ಪರದೆಯ ಮೇಲೆ ಬರುತ್ತದೆ. ಐವತ್ತು ವರ್ಷ ಅದೇ ಹಲ್ಲಿನಲ್ಲಿ ಅಗಿದು ಉಂಡವರು ಅದನ್ನು ಮೊದಲ ಸಲ ನೋಡುವುದು ಆಗಲೇ.

ಈ ಪರದೆಯ ಹಿಂದೆ ಇಂದು ಒಂದು ದೊಡ್ಡ ಬಳಗವೇ ಇದೆ. ಬಾಯೊಳಗಿನ ಕ್ಯಾಮೆರಾ, ಅಚ್ಚಿನ ಅಂಟಿಲ್ಲದೆ ಹಲ್ಲಿನ ಅಳತೆ ತೆಗೆಯುವ ಸ್ಕ್ಯಾನರ್, ತೆಗೆದ ಕ್ಷಣದಲ್ಲೇ ಕಾಣುವ ಡಿಜಿಟಲ್ ಎಕ್ಸ್‌ರೇ, ಆ ಎಕ್ಸ್‌ರೇ ಮೇಲೆ ಬಣ್ಣ ಬಳಿದು "ಇಲ್ಲಿ ಹುಳುಕಿದೆ" ಎಂದು ತೋರಿಸುವ ಎಐ ತಂತ್ರಾಂಶ, ಮನೆಗೆ ಬಂದ ಮೇಲೆ ಪ್ರಶ್ನೆಗೆ ಉತ್ತರ ಕೊಡುವ ಚಾಟ್‌ಬಾಟ್. ಇವೆಲ್ಲ ರೋಗಿಗೆ ತಿಳಿವಳಿಕೆ ಕೊಡುವ ಸಾಧನಗಳು ಎಂದು ಹೇಳಿಕೊಂಡೇ ಮಾರಾಟವಾಗುತ್ತವೆ. ನಿಜವಾಗಿ ತಿಳಿವಳಿಕೆ ಕೊಡುತ್ತವೆಯೇ? ಕೊಡಬಲ್ಲವು. ಆದರೆ ಚಿತ್ರ ತೋರಿಸಿದ ಮಾತ್ರಕ್ಕೆ ಕೊಡುವುದಿಲ್ಲ.

ಹಲ್ಲಿನ ಡಾಕ್ಟರಿಗೂ ರೋಗಿಗೂ ನಡೆಯುವ ಮಾತುಕತೆಯ ಕಷ್ಟ ಬೇರೆ ಆಸ್ಪತ್ರೆಗಳಲ್ಲಿ ಇರುವಂಥದ್ದಲ್ಲ. ಪ್ರಶ್ನೆ ಕೇಳಬೇಕಾದ ಬಾಯಿಗೇ ಚಿಕಿತ್ಸೆ ನಡೆಯುತ್ತಿರುತ್ತದೆ. ಹತ್ತಿ, ಕನ್ನಡಿ, ಎಂಜಲು ಎಳೆಯುವ ಕೊಳವೆ ಎಲ್ಲವೂ ಅದರಲ್ಲೇ ತುರುಕಿರುತ್ತವೆ. ಡಾಕ್ಟರು ಏನೋ ವಿವರಿಸುತ್ತಾರೆ, ರೋಗಿ "ಆಂ" ಅನ್ನುತ್ತಾರೆ. ಅದು ಒಪ್ಪಿಗೆಯೋ, ನೋವೋ, ಅರ್ಥವಾಗಲಿಲ್ಲ ಎಂದೋ ಯಾರಿಗೂ ತಿಳಿಯದು. ಕುರ್ಚಿಯಿಂದ ಇಳಿದಾಗ ತುಟಿ ಮರಗಟ್ಟಿರುತ್ತದೆ, ಹೊರಗೆ ಇನ್ನಿಬ್ಬರು ಕಾಯುತ್ತಿರುತ್ತಾರೆ. ಡಾಕ್ಟರು ಹೇಳಿದ ಮಾತಿನಲ್ಲಿ 40ರಿಂದ 80 ಶೇಕಡದಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಎಂದು ರಾಯ್ ಕೆಸೆಲ್ಸ್ ಎಂಬ ಡಚ್ ಸಂಶೋಧಕರು 2003ರಲ್ಲಿ ಬರೆದರು. ಅವರು ಬರೆದದ್ದು ಎಲ್ಲ ಬಗೆಯ ವೈದ್ಯಕೀಯಕ್ಕೂ ಸೇರಿಸಿ. ಬಾಯಿ ತೆರೆದುಕೊಂಡೇ ಕೇಳಬೇಕಾದ ನಮ್ಮ ರೋಗಿಗಳಿಗೆ ನೆನಪು ಹೆಚ್ಚು ಉಳಿಯುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಹಾಗಾಗಿ ನೋಡಿ ತಿಳಿಯುವ ದಾರಿ ಬಂದದ್ದು ದೊಡ್ಡ ಉಪಕಾರ. ಅದರ ಬೆಲೆ ಗೊತ್ತಾಗುವುದು ಹಳೆಯ ನಂಬಿಕೆಗಳ ಎದುರು. ಹುಳುಕು ಹಲ್ಲಿನಲ್ಲಿ ಹುಳ ಇರುತ್ತದೆ ಎಂದು ನಂಬಿದವರು ನಮ್ಮಲ್ಲಿ ಈಗಲೂ ಇದ್ದಾರೆ. ಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಹೊಗೆಯನ್ನು ಬಾಯಿಗೆ ಹಿಡಿದು, ಬಟ್ಟಲಲ್ಲಿ ಬಿದ್ದ ಬಿಳಿ ಎಳೆಗಳನ್ನು "ನೋಡು, ಹುಳ" ಎಂದು ತೋರಿಸುವವರೂ ಇದ್ದರು. ಅವರೂ ಕಣ್ಣಿಗೆ ತೋರಿಸಿಯೇ ನಂಬಿಸಿದ್ದು. ಹಾಗಿರುವಾಗ ಬರೀ ಬಾಯಿಮಾತಿನಲ್ಲಿ "ಹುಳ ಗಿಳ ಏನಿಲ್ಲಮ್ಮ" ಅಂದರೆ ಅಜ್ಜಿ ಯಾಕೆ ಒಪ್ಪಬೇಕು? ಅವರದೇ ಹಲ್ಲಿನ ಗುಳಿಯನ್ನು ತೊಳೆದು, ಒಣಗಿಸಿ, ಪರದೆಯ ಮೇಲೆ ತೋರಿಸಿದಾಗ ಕಾಣುವುದು ಕಂದು ಬಣ್ಣದ ಮೆತ್ತನೆಯ ಪದಾರ್ಥ ಮತ್ತು ಅದರಲ್ಲಿ ಸಿಕ್ಕಿದ ಊಟದ ಚೂರು.

ಆದರೆ ಕ್ಯಾಮೆರಾದ ಕೆಲಸ ಅಲ್ಲಿಗೆ ಮುಗಿಯಿತು. ಗುಳಿ ಹೇಗಾಯಿತು ಎಂಬುದನ್ನು ಅದು ತೋರಿಸಲಾರದು. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿದೂಗಿಸಲು ಅರ್ಧ ಗಂಟೆಯಾದರೂ ಬೇಕು. ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಎಂಬುದು ಮುಖ್ಯವಾಗುವುದು ಇದರಿಂದಲೇ. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದವರಿಗಿಂತ, ಅಂಗಡಿ ಗಲ್ಲಾದಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಆಗಾಗ ಸಕ್ಕರೆ ಚಹಾ ಗುಟುಕರಿಸುವವರ ಹಲ್ಲು ಬೇಗ ಹುಳುಕಾಗುತ್ತದೆ. ಇದನ್ನು ಒಂದು ಸಣ್ಣ ಆನಿಮೇಷನ್ನಿನಲ್ಲಿ ತೋರಿಸಬಹುದು, ಒಳ್ಳೆಯ ಆನಿಮೇಷನ್ನುಗಳು ಇವೆ ಕೂಡ. ಆದರೆ ಮಕ್ಕಳಿಗೆಂದು ಮಾಡಿದ ಹಲವು ಚಿತ್ರಗಳಲ್ಲಿ ಕೈಯಲ್ಲಿ ಗುದ್ದಲಿ ಹಿಡಿದ ಹಸಿರು ಜೀವಿಗಳು ಹಲ್ಲನ್ನು ಅಗೆಯುತ್ತವೆ. ಹುಳದ ನಂಬಿಕೆಯನ್ನು ಹಿಂಬಾಗಿಲಿನಿಂದ ಮತ್ತೆ ಒಳಗೆ ತರುವ ಇಂಥ ಚಿತ್ರಗಳನ್ನು ಕ್ಲಿನಿಕ್ಕಿನಲ್ಲಿ ಹಾಕದಿರುವುದೇ ಒಳ್ಳೆಯದು.

ಹಲ್ಲು ಕ್ಲೀನ್ ಮಾಡಿಸುವ ವಿಷಯಕ್ಕೆ ಬರುತ್ತೇನೆ. ತಪ್ಪು ತಿಳಿವಳಿಕೆಯಿಂದ ನಮ್ಮ ಜನ ಅತಿ ಹೆಚ್ಚು ನಷ್ಟ ಅನುಭವಿಸುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

"ಡಾಕ್ಟ್ರೇ, ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡಕ್ಕೆ ಶುರುವಾಗ್ತವಂತಲ್ಲ? ನಮ್ಮ ಭಾವನೋರಿಗೆ ಹಂಗೇ ಆಯ್ತು."

ಈ ಪ್ರಶ್ನೆ ಎದುರಿಸದ ಹಲ್ಲಿನ ಡಾಕ್ಟರು ಕರ್ನಾಟಕದಲ್ಲಿ ಇರಲಾರರು. ಕೇಳುವವರದು ಮೌಢ್ಯವೂ ಅಲ್ಲ. ಭಾವನವರಿಗೆ ಆದದ್ದು ನಿಜವೇ. ಕೆಳಗಿನ ಮುಂಭಾಗದ ಹಲ್ಲುಗಳ ಒಳಮಗ್ಗುಲಲ್ಲಿ ವರ್ಷಗಟ್ಟಲೆ ಪಾಚಿ ಕೂತು, ಜೊಲ್ಲಿನ ಸುಣ್ಣದಂಶ ಸೇರಿ ಕಲ್ಲಾಗುತ್ತದೆ. ಆ ಕಲ್ಲಿನ ಸುತ್ತ ಒಸಡು ಊದುತ್ತದೆ, ಒಸಡಿನ ಕೆಳಗೆ ಹಲ್ಲನ್ನು ಹಿಡಿದಿರುವ ಮೂಳೆ ಸದ್ದಿಲ್ಲದೆ ಕರಗುತ್ತಾ ಹೋಗುತ್ತದೆ. ನೋವಿರುವುದಿಲ್ಲ. ನಾಲ್ಕು ಹಲ್ಲುಗಳನ್ನು ಸೇರಿಸಿ ಕಟ್ಟಿದಂತೆ ಕಲ್ಲೇ ಅವನ್ನು ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಮೊದಲೇ ಸಡಿಲವಾಗಿದ್ದ ಹಲ್ಲು ಸಡಿಲವೆಂದು ಗೊತ್ತಾಗುತ್ತದೆ. ಊತ ಇಳಿದ ಒಸಡು ಕೆಳಗೆ ಸರಿಯುತ್ತದೆ, ಹಲ್ಲುಗಳ ನಡುವೆ ಸಂದು ಕಾಣುತ್ತದೆ, ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ರೋಗಿಯ ಲೆಕ್ಕದಲ್ಲಿ ಹೋಗುವಾಗ ಗಟ್ಟಿಯಿದ್ದ ಹಲ್ಲು ಬರುವಾಗ ಅಲ್ಲಾಡುತ್ತಿದೆ.

ಈಗ ಇದೇ ಜಾಗದಲ್ಲಿ ಪರದೆಯನ್ನು ಹೇಗೆ ಬಳಸಬಹುದು ನೋಡಿ. ಕೆಲಸ ಶುರು ಮಾಡುವ ಮೊದಲು ಡಾಕ್ಟರು ಆ ಕಲ್ಲಿನ ಚಿತ್ರ ತೆಗೆದು ನಿಲ್ಲಿಸುತ್ತಾರೆ. ಪಕ್ಕದಲ್ಲಿ ಅದೇ ಹಲ್ಲುಗಳ ಎಕ್ಸ್‌ರೇ. ಬೇರಿನ ಯಾವ ಮಟ್ಟದವರೆಗೆ ಮೂಳೆ ಇರಬೇಕಿತ್ತು, ಈಗ ಎಲ್ಲಿದೆ ಎಂದು ಒಂದು ಗೆರೆ ಎಳೆದು ತೋರಿಸುತ್ತಾರೆ. ಎಐ ತಂತ್ರಾಂಶವಿದ್ದರೆ ಆ ಅಂತರವನ್ನು ಮಿಲಿಮೀಟರಿನಲ್ಲಿ ಅದೇ ಬರೆದು ಕೊಡುತ್ತದೆ. "ಅಮ್ಮಾ, ಈ ಕಲ್ಲು ತೆಗೆದ ಮೇಲೆ ಇಲ್ಲಿ ಸಂದು ಕಾಣ್ತದೆ. ಒಂದೆರಡು ವಾರ ತಣ್ಣೀರು ಜುಂ ಅನ್ನಬಹುದು. ಕಲ್ಲು ಹಂಗೇ ಬಿಟ್ರೆ ಈ ಗೆರೆ ಇನ್ನೂ ಕೆಳಗೆ ಹೋಗ್ತದೆ." ಇಷ್ಟು ಸಾಕು. ಇದನ್ನೇ ಕ್ಲೀನಿಂಗ್ ಆದ ಮೇಲೆ ಹೇಳಿದರೆ ರೋಗಿಗೆ ಅದು ಸಮಜಾಯಿಷಿಯಾಗಿ ಕೇಳಿಸುತ್ತದೆ. ಉಪಕರಣ ಅದೇ, ಚಿತ್ರವೂ ಅದೇ. ತೋರಿಸಿದ ಹೊತ್ತು ಮಾತ್ರ ಬೇರೆ.

ಇದಾದ ಮೇಲೆ ಇನ್ನೊಂದು ಹೆಜ್ಜೆ ಇದೆ, ಹೆಚ್ಚಿನವರು ಅದನ್ನು ಬಿಟ್ಟೇಬಿಡುತ್ತಾರೆ. "ಅರ್ಥವಾಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಡಾಕ್ಟರ ಎದುರು ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. ಅದರ ಬದಲು "ಮನೆಗೆ ಹೋದ್ಮೇಲೆ ಯಜಮಾನ್ರು ಕೇಳಿದ್ರೆ ಏನಂತ ಹೇಳ್ತೀರಿ?" ಎಂದು ಕೇಳಿ ನೋಡಬೇಕು. ಅವರ ಬಾಯಿಂದ ಬರುವ ಉತ್ತರದಲ್ಲೇ ಎಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಈ ಪ್ರಶ್ನೆಗೆ ಯಾವ ಯಂತ್ರವೂ ಬೇಡ, ಒಂದು ನಿಮಿಷ ಹೆಚ್ಚು ಬೇಕು ಅಷ್ಟೆ.

ಎಐ ಹೆಚ್ಚು ಸುದ್ದಿ ಮಾಡುತ್ತಿರುವುದು ಎಕ್ಸ್‌ರೇ ಓದುವುದರಲ್ಲಿ. ವಿಜ್ಞಾನಿ ರಾಂಟ್‌ಜನ್ ಎಕ್ಸ್‌ರೇ ಎಂಬ ಕ್ಷಕಿರಣವನ್ನು ಕಂಡದ್ದು 1895ರ ಕೊನೆಗೆ. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ದಂತವೈದ್ಯ ಓಟೋ ವಾಲ್ಕಾಫ್ ತಮ್ಮದೇ ಹಲ್ಲಿನ ಎಕ್ಸ್‌ರೇ ತೆಗೆಸಿಕೊಂಡರು. ಅದಕ್ಕೆ ಅವರು 25 ನಿಮಿಷ ಅಲುಗಾಡದೆ ಇರಬೇಕಾಯಿತು. ಇವತ್ತು ಒಂದು ಸೆಕೆಂಡಿಗಿಂತ ಕಡಿಮೆ ಸಾಕು. ಆದರೆ ಬೂದು ನೆರಳುಗಳ ಆ ಚಿತ್ರವನ್ನು ಓದುವ ಕಷ್ಟ ಮಾತ್ರ ಹಾಗೇ ಉಳಿದಿತ್ತು. ರೋಗಿಗಂತೂ ಅದು ಮೋಡ ನೋಡಿದ ಹಾಗೆ, ಯಾರು ಏನು ಹೇಳಿದರೂ ಹಾಗೇ ಕಾಣುತ್ತದೆ. ದಂತವೈದ್ಯರು ಗುರುತು ಹಾಕಿಕೊಟ್ಟ ಸಾವಿರಾರು ಎಕ್ಸ್‌ರೇಗಳನ್ನು ನೋಡಿ ಕಲಿತ ತಂತ್ರಾಂಶ ಈಗ ಹುಳುಕಿಗೊಂದು, ಹಳೆಯ ಫಿಲ್ಲಿಂಗಿಗೊಂದು, ಮೂಳೆ ಸವೆದ ಕಡೆಗೊಂದು ಬಣ್ಣ ಹಚ್ಚಿಕೊಡುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಓವರ್‌ಜೆಟ್ ಕಂಪನಿಯ ಮೂಳೆಮಟ್ಟ ಅಳೆಯುವ ತಂತ್ರಾಂಶಕ್ಕೆ, 2022ರಲ್ಲಿ ಪರ್ಲ್ ಕಂಪನಿಯ 'ಸೆಕೆಂಡ್ ಒಪಿನಿಯನ್'ಗೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಕ್ಕಿದ್ದು ದಂತವೈದ್ಯರಿಗೆ ನೆರವಾಗಲು, ಅವರ ಜಾಗದಲ್ಲಿ ಕೂರಲು ಅಲ್ಲ.

ಬಣ್ಣ ಹಚ್ಚಿದ ಎಕ್ಸ್‌ರೇ ನೋಡಿದ ರೋಗಿಗೆ "ಹೌದು, ಇಲ್ಲಿ ಏನೋ ಇದೆ" ಎಂದು ಕಾಣುತ್ತದೆ. ಡಾಕ್ಟರ ಮಾತಿನ ಮೇಲಷ್ಟೇ ನಂಬಿಕೆ ಇಡಬೇಕಾದ ಸ್ಥಿತಿ ತಪ್ಪುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಆ ಬಣ್ಣದ ಗುರುತು ಎರಡು ವಿಷಯಗಳನ್ನು ಹೇಳುವುದಿಲ್ಲ. ಮೊದಲನೆಯದು, ಅದು ತಪ್ಪಿರಬಹುದು. ಹಲ್ಲಿನ ಕತ್ತಿನ ಭಾಗದಲ್ಲಿ, ಎನಾಮಲ್ ಮುಗಿದು ಮೂಳೆ ಶುರುವಾಗುವ ಮುನ್ನ, ಕಿರಣ ಸುಲಭವಾಗಿ ಹಾದುಹೋಗಿ ಕಪ್ಪು ಪಟ್ಟಿ ಕಾಣುವುದುಂಟು. ನೋಡಲು ಥೇಟ್ ಹುಳುಕಿನಂತೆಯೇ ಇರುತ್ತದೆ, ಆದರೆ ಹಲ್ಲು ಪೂರ್ತಿ ಚೆನ್ನಾಗಿರುತ್ತದೆ. ಅನುಭವಿ ಡಾಕ್ಟರು ಸಲಾಕೆ ಆಡಿಸಿ, ಕಣ್ಣಿಂದ ನೋಡಿ ಇದನ್ನು ಬಿಡಿಸುತ್ತಾರೆ. ಇನ್ನೊಂದು ಕಡೆ, ಸುಮಾರು 30ರಿಂದ 40 ಶೇಕಡ ಖನಿಜ ಕರಗುವ ತನಕ ಹುಳುಕು ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಚಿತ್ರದಲ್ಲಿ ಬಣ್ಣವಿಲ್ಲ ಎಂದ ಮಾತ್ರಕ್ಕೆ ಬಾಯಿ ಪೂರ್ತಿ ಚೆನ್ನಾಗಿದೆ ಎಂದಾಗುವುದಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ಹುಳುಕು ಇದೆ ಎಂಬುದು ಒಂದು ವಿಷಯ, ಅದಕ್ಕೆ ಏನು ಮಾಡಬೇಕು ಎಂಬುದು ಬೇರೆಯೇ ವಿಷಯ. ಎನಾಮಲ್ಲಿನ ಒಳಗೇ ಇರುವ, ಮೇಲ್ಮೈ ಇನ್ನೂ ಒಡೆಯದ ಹುಳುಕನ್ನು ಕೊರೆಯಲೇಬೇಕೆಂದಿಲ್ಲ. ಫ್ಲೋರೈಡ್ ವಾರ್ನಿಷ್ ಹಚ್ಚಿ, ಪೇಸ್ಟ್ ಸರಿಯಾಗಿ ಬಳಸಿ, ತಿನ್ನುವ ರೀತಿ ಬದಲಿಸಿದರೆ ಅದು ಅಲ್ಲೇ ನಿಲ್ಲಬಹುದು, ಮತ್ತೆ ಗಟ್ಟಿಯೂ ಆಗಬಹುದು. ಒಂದು ಸಲ ಕೊರೆದ ಹಲ್ಲಾದರೋ ಜೀವನಪರ್ಯಂತ ಫಿಲ್ಲಿಂಗ್, ದೊಡ್ಡ ಫಿಲ್ಲಿಂಗ್, ರೂಟ್ ಕೆನಾಲ್, ಕ್ಯಾಪ್ ಎಂದು ಮೆಟ್ಟಿಲು ಹತ್ತುತ್ತಾ ಹೋಗುವ ಸಂಭವ ಹೆಚ್ಚು. ತಂತ್ರಾಂಶ ಮಾರುವವರು ಕ್ಲಿನಿಕ್ಕುಗಳಿಗೆ ಹೇಳುವ ಆಕರ್ಷಣೆಗಳಲ್ಲಿ ಮುಖ್ಯವಾದದ್ದೇ "ಚಿತ್ರ ನೋಡಿದ ರೋಗಿಗಳು ಚಿಕಿತ್ಸೆಗೆ ಬೇಗ ಒಪ್ಪುತ್ತಾರೆ" ಎಂಬುದು. ಬೇಗ ಒಪ್ಪುವುದು ಅರಿತು ಒಪ್ಪಿದ್ದಕ್ಕೆ ಸಾಕ್ಷಿಯಲ್ಲ, ಹೆದರಿಯೂ ಒಪ್ಪಿರಬಹುದು. ಪರದೆಯ ತುಂಬ ಕೆಂಪು ಕಂಡಾಗ ರೋಗಿ ಕೇಳಬೇಕಾದ ಮಾತು ಇಷ್ಟು: "ಇದನ್ನು ಆರು ತಿಂಗಳು ಬಿಟ್ಟು ನೋಡಿದ್ರೆ ಏನಾಗ್ತದೆ ಡಾಕ್ಟ್ರೇ?" ಪ್ರಾಮಾಣಿಕ ಡಾಕ್ಟರು ಈ ಪ್ರಶ್ನೆಯಿಂದ ಬೇಸರಪಡುವುದಿಲ್ಲ. ಕೆಲವು ಹಲ್ಲಿಗೆ "ಬಿಟ್ಟು ನೋಡೋಣ", ಕೆಲವಕ್ಕೆ "ಇಲ್ಲ, ನರದ ಹತ್ತಿರ ಹೋಗಿದೆ, ಈಗಲೇ ಮಾಡಬೇಕು" ಎಂದು ಕಾರಣ ಸಮೇತ ಹೇಳುತ್ತಾರೆ.

ಮದುವೆಗೆ ಮುಂಚೆ ನಗು ತಿದ್ದಿಸಿಕೊಳ್ಳುವ ಯುವಕ ಯುವತಿಯರಿಗೆ ತೋರಿಸುವ ಚಿತ್ರಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಫೋಟೋ ಕೊಟ್ಟರೆ ಸಾಲಾಗಿ ಹೊಳೆಯುವ ಹಲ್ಲಿನ ನಿಮ್ಮದೇ ಮುಖ ಕ್ಷಣದಲ್ಲಿ ಸಿದ್ಧವಾಗುತ್ತದೆ. ಆ ನಗುವಿಗಾಗಿ ಎಷ್ಟು ಎನಾಮಲ್ ತೇಯಬೇಕಾಗುತ್ತದೆ, ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ, ತಂತಿಯಿಂದಲೋ ಅಲೈನರ್‌ನಿಂದಲೋ ಸರಿಸಿದ ಹಲ್ಲು ಹಿಂದಕ್ಕೆ ಹೋಗದಂತೆ ವರ್ಷಗಟ್ಟಲೆ ರಿಟೇನರ್ ಹಾಕಬೇಕು ಎಂಬುದು ಆ ಚಿತ್ರದಲ್ಲಿ ಇರುವುದಿಲ್ಲ.

ಮನೆಗೆ ಬಂದ ಮೇಲೆ ಚಾಟ್‌ಬಾಟ್. ರಾತ್ರಿ ಹನ್ನೊಂದಕ್ಕೆ ಹಲ್ಲು ನೋವಾದರೆ ಮೊದಲೆಲ್ಲ ಲವಂಗ ಕಚ್ಚಿ ಬೆಳಗಿನವರೆಗೆ ಕಾಯುತ್ತಿದ್ದರು. ಈಗ ಫೋನಿಗೆ ಕನ್ನಡದಲ್ಲೇ ಕೇಳಬಹುದು, ಕನ್ನಡದಲ್ಲೇ ಉತ್ತರ ಬರುತ್ತದೆ. ರೂಟ್ ಕೆನಾಲ್ ಅಂದರೆ ಏನು, ಬುದ್ಧಿಹಲ್ಲು ಯಾಕೆ ತೆಗೆಯುತ್ತಾರೆ, ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆಯೇ ಇಂಥ ಪ್ರಶ್ನೆಗಳಿಗೆ ಚಾಟ್‌ಬಾಟ್‌ಗಳು ಸಾಮಾನ್ಯವಾಗಿ ಒಳ್ಳೆಯ ಉತ್ತರವನ್ನೇ ಕೊಡುತ್ತವೆ. ಡಾಕ್ಟರನ್ನು ಕೇಳಲು ನಾಚಿಕೆಯಾದದ್ದನ್ನು, ಬಾಯಿ ವಾಸನೆಯಂಥದ್ದನ್ನು, ಜನ ಇಲ್ಲಿ ಧಾರಾಳವಾಗಿ ಕೇಳುತ್ತಾರೆ. ತೊಡಕಿರುವುದು ಅವು ಕಲಿತ ಪಾಠದ ಬಹುಪಾಲು ಬೇರೆ ದೇಶದ್ದು ಎಂಬಲ್ಲಿ.

ಅಮೆರಿಕದಲ್ಲಿ 1945ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಿಂದ ಶುರುವಾಗಿ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುತ್ತಾ ಬಂದಿದ್ದಾರೆ. ಲೀಟರಿಗೆ 0.7 ಮಿಲಿಗ್ರಾಂ ಅಲ್ಲಿ ಶಿಫಾರಸು ಮಾಡಿದ ಪ್ರಮಾಣ. ಆದ್ದರಿಂದ ಅಲ್ಲಿನ ಬರಹಗಳಲ್ಲಿ ಫ್ಲೋರೈಡ್ ಇರುವ ನೀರು ಕುಡಿಯಿರಿ ಎಂಬ ಸಲಹೆ ಸಾಮಾನ್ಯ. ನಮ್ಮ ಪಾವಗಡದಲ್ಲಿ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ರಾಯಚೂರಿನ ಹಲವು ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಮಿತಿಮೀರಿದೆ; ನಮ್ಮ ದೇಶದ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಅಲ್ಲಿನ ಮಕ್ಕಳ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವಾಗಲೇ ಎನಾಮಲ್ ಕೆಟ್ಟು, ಹುಟ್ಟಿದ ಮೇಲೆ ಕಂದು ಪಟ್ಟಿ ಹಿಡಿಯುತ್ತವೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಹಲ್ಲುಜ್ಜುವುದಿಲ್ಲ ಎಂದು ಶಾಲೆಯಲ್ಲಿ ಬೈಸಿಕೊಂಡು, ನಗುವಾಗ ಕೈ ಅಡ್ಡ ಹಿಡಿಯುವ ಆ ಮಕ್ಕಳಿಗೆ ಚಾಟ್‌ಬಾಟ್ "ದಿನಕ್ಕೆರಡು ಸಲ ಚೆನ್ನಾಗಿ ಬ್ರಷ್ ಮಾಡಿ" ಎಂದರೆ ಗಾಯದ ಮೇಲೆ ಬರೆ. ಪ್ರಶ್ನೆಯಲ್ಲೇ ಊರಿನ ಹೆಸರು, ಕುಡಿಯುವ ನೀರು ಯಾವುದು, ವಯಸ್ಸೆಷ್ಟು ಎಂದು ಸೇರಿಸಿ ಕೇಳಿದರೆ ಉತ್ತರ ಬಹಳ ಸುಧಾರಿಸುತ್ತದೆ. ಹೆಚ್ಚಿನವರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಕ್ಲಿನಿಕ್ಕಿನವರು ಹೇಳಿಕೊಡಬಹುದು.

ಮುಖ ಊದಿಕೊಂಡಿದೆ, ಜ್ವರವಿದೆ, ನುಂಗಲು ಕಷ್ಟ, ಬಾಯಿ ತೆರೆಯಲಾಗುತ್ತಿಲ್ಲ ಎಂದಾದರೆ ಫೋನನ್ನು ಕೇಳುತ್ತಾ ಕೂರಬಾರದು. ಹಲ್ಲಿನ ಕೀವು ಕತ್ತಿನ ಕಡೆ ಇಳಿದರೆ ಪ್ರಾಣಕ್ಕೇ ಅಪಾಯ.

ದೊಡ್ಡ ಯಂತ್ರಗಳಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ಮಾಡುವುದು ಒಂದು ನಿಮಿಷದ ವಾಟ್ಸಾಪ್ ಧ್ವನಿ ಸಂದೇಶ ಎಂದರೆ ಅತಿಶಯವಲ್ಲ. ಹಲ್ಲು ಕಿತ್ತ ದಿನವನ್ನೇ ತೆಗೆದುಕೊಳ್ಳಿ. ಹತ್ತಿಯನ್ನು ಮುಕ್ಕಾಲು ಗಂಟೆ ಕಚ್ಚಿಕೊಂಡಿರಬೇಕು, ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳನೀರು ಕುಡಿಯಬಾರದು, ಬೀಡಿ, ಹೊಗೆಸೊಪ್ಪು ಮುಟ್ಟಬಾರದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅಲ್ಲಿನ ಮೂಳೆಗೆ ಹೊದಿಕೆ. ಅದು ಕಿತ್ತುಬಂದರೆ ಎರಡು ಮೂರು ದಿನಕ್ಕೆ ಕಿವಿಯವರೆಗೆ ಸೆಳೆಯುವ ನೋವು ಶುರುವಾಗುತ್ತದೆ. ಆದರೆ ಮನೆಯಲ್ಲಿ ನಡೆಯುವುದು ಏನು? ರಕ್ತದ ರುಚಿಗೆ ಹೇಸಿ ಉಗುಳಿದ್ದೇ ಉಗುಳಿದ್ದು. ಹಿರಿಯರೊಬ್ಬರು ಆ ರಾತ್ರಿಯೇ ಬಿಸಿ ಉಪ್ಪುನೀರು ಕಾಯಿಸಿ ಕೊಡುತ್ತಾರೆ. ಅದು ಮರುದಿನದ ಉಪಚಾರ. ಕ್ಲಿನಿಕ್ಕಿನಲ್ಲಿ ಕೊಟ್ಟ ಇಂಗ್ಲಿಷ್ ಚೀಟಿ ಜೇಬಿನಲ್ಲೇ ಇರುತ್ತದೆ. ಮನೆಗೆ ತಲುಪುವ ಹೊತ್ತಿಗೆ ಒಂದು, ಮಲಗುವ ಹೊತ್ತಿಗೆ ಒಂದು, ಮರುದಿನ ಬೆಳಗ್ಗೆ ಉಪ್ಪುನೀರಿನ ನೆನಪಿಗೆ ಒಂದು, ಹೀಗೆ ಆಯಾ ಹೊತ್ತಿಗೆ ತಾನಾಗಿ ಹೋಗುವಂತೆ ಸಂದೇಶಗಳನ್ನು ಸಿದ್ಧಪಡಿಸುವುದು ಈಗ ಕಷ್ಟವೇನಲ್ಲ. ಓದಲು ಬಾರದವರೂ ಕೇಳಬಹುದು, ಉಪ್ಪುನೀರು ಕಾಯಿಸುವ ಹಿರಿಯರೂ ಕೇಳಬಹುದು. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾದ ಮೇಲೆ ಕನ್ನಡ ಬರಹವನ್ನು ಧ್ವನಿಯಾಗಿಸುವ, ಅನುವಾದಿಸುವ ಸಾಧನಗಳು ಸುಲಭವಾಗಿ ಸಿಗುತ್ತಿವೆ. ಆದರೂ ನನ್ನನ್ನು ಕೇಳಿದರೆ ಹಲ್ಲು ಕಿತ್ತ ಡಾಕ್ಟರೇ ತಮ್ಮ ದನಿಯಲ್ಲಿ, ಆ ಸೀಮೆಯ ಮಾತಿನಲ್ಲಿ ಹೇಳಿದ್ದು ಹೆಚ್ಚು ನಾಟುತ್ತದೆ. ಬೀದರ್‌ನ ಅಜ್ಜನಿಗೆ ಬೆಂಗಳೂರಿನ ಯಂತ್ರದ ಗ್ರಾಂಥಿಕ ಕನ್ನಡ ಕೇಳಿಸಿ ಪ್ರಯೋಜನ ಕಡಿಮೆ.

ಇನ್ನು ಬಾಯಿ ಕ್ಯಾನ್ಸರ್. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 28.6 ಶೇಕಡ, ಕರ್ನಾಟಕದಲ್ಲಿ 22.8 ಶೇಕಡ ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ. ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆದು ಬದುಕುವ ಮಲೆನಾಡಿನ ಮನೆಗಳಲ್ಲಿ ಈ ಮಾತನ್ನು ಹೇಳುವುದು ಕಷ್ಟ, ಹೇಳದಿರುವುದು ತಪ್ಪು.

ಬೆಂಗಳೂರಿನಲ್ಲಿ ಬಯೋಕಾನ್ ಫೌಂಡೇಶನ್, ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ, ಕೆಎಲ್‌ಇ ದಂತವಿಜ್ಞಾನ ಸಂಸ್ಥೆಗಳ ತಜ್ಞರು ಬಾಯಿ ಕ್ಯಾನ್ಸರ್ ಪತ್ತೆಗೆ ಫೋನನ್ನೇ ಬಳಸಿದರು. ಆರೋಗ್ಯ ಕಾರ್ಯಕರ್ತೆಯರು ಬಾಯೊಳಗಿನ ಚಿತ್ರ ತೆಗೆದು ಕಳುಹಿಸುವುದು, ದೂರದಲ್ಲಿರುವ ತಜ್ಞರು ನೋಡಿ ಯಾರನ್ನು ಆಸ್ಪತ್ರೆಗೆ ಕರೆಸಬೇಕೆಂದು ಹೇಳುವುದು. ಈ ಕೆಲಸದ ವರದಿ 2015ರಲ್ಲಿ ಪ್ರಕಟವಾಯಿತು. ಮುಂದೆ ಅಮೆರಿಕದ ಅರಿಜೋನ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳ ಸಂಶೋಧಕರ ಜೊತೆ ಸೇರಿ, ಸಾಮಾನ್ಯ ಬೆಳಕಿನಲ್ಲೂ ವಿಶೇಷ ನೀಲಿ ಬೆಳಕಿನಲ್ಲೂ ಚಿತ್ರ ತೆಗೆದು, ಅನುಮಾನದ ಜಾಗವನ್ನು ಎಐ ನೆರವಿನಿಂದ ವಿಂಗಡಿಸುವ ಫೋನ್ ಸಾಧನವನ್ನು 2018ರಲ್ಲಿ ವರದಿ ಮಾಡಿದರು. ಇಂಥ ಸಾಧನ ರೋಗ ಹುಡುಕಲು ಮಾಡಿದ್ದು, ನಿಜ. ಆದರೆ ಅದು ಕಲಿಸುವ ಸಾಧನವೂ ಹೌದು. ಕೆನ್ನೆಯ ಒಳಗೆ, ದಿನವೂ ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲೇ ಮೂಡಿದ ಬಿಳಿ ಮಚ್ಚೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಗುಟ್ಕಾ ಪಾಕೀಟಿನ ಮೇಲಿನ ಚಿತ್ರ ಮಾಡಲಾರದ ಕೆಲಸ ಆಗಬಹುದು. ಆ ಚಿತ್ರ ಬೇರೆ ಯಾರದೋ, ಇದು ತನ್ನದು. ಹೆದರಿಸಿ ಸುಮ್ಮನಾಗದೆ, ಬಿಡುವುದು ಹೇಗೆ, ಎಲ್ಲಿಗೆ ಹೋಗಬೇಕು, ಯಾವ ದಿನ ಯಾರು ಜೊತೆಗೆ ಬರುತ್ತಾರೆ ಎಂದು ಆ ಕ್ಷಣದಲ್ಲೇ ಹೇಳಬೇಕು. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಯಾವುದಿದ್ದರೂ ತೋರಿಸಿಕೊಳ್ಳಬೇಕು.

ಇಷ್ಟೆಲ್ಲ ಚಿತ್ರ ತೆಗೆದ ಮೇಲೆ ಅವು ಯಾರವು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಮಾಹಿತಿಯನ್ನು ಬಳಸುವ ಮೊದಲು ನಮ್ಮ ಒಪ್ಪಿಗೆ ಕೇಳುವ ವ್ಯವಸ್ಥೆ ಮಾಡಿದೆ. ಆ ಒಪ್ಪಿಗೆಯ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ, ಅಂದರೆ ಕನ್ನಡದಲ್ಲೂ, ಪಡೆಯುವ ಅವಕಾಶ ಅದರಲ್ಲಿದೆ. ಎಕ್ಸ್‌ರೇಯನ್ನು ಎಐ ಕಂಪನಿಯ ಸರ್ವರಿಗೆ ಕಳುಹಿಸುತ್ತೀರಾ, ಮುಖದ ಫೋಟೋವನ್ನು ಇನ್‌ಸ್ಟಾಗ್ರಾಮಿಗೆ ಹಾಕುತ್ತೀರಾ ಎಂದು ಕೇಳಲು ಹಿಂಜರಿಯಬೇಕಾಗಿಲ್ಲ. ಕ್ಲಿನಿಕ್ಕಿನಿಂದ ಹೊರಡುವಾಗ ಚಿತ್ರ ಮತ್ತು ಎಕ್ಸ್‌ರೇಗಳ ಫೈಲನ್ನು ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ, ಪರದೆಯ ಫೋಟೋ ತೆಗೆದುಕೊಂಡರೆ ಸಾಲದು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಾದಾಗ ಮತ್ತೆ ಎಕ್ಸ್‌ರೇ ತೆಗೆಸುವ ಖರ್ಚು ಉಳಿಯುತ್ತದೆ. ಹಾಗೆಯೇ ಮುಂದಿನ ವರ್ಷದ ಎಕ್ಸ್‌ರೇ ಪಕ್ಕದಲ್ಲಿಟ್ಟು ಮೂಳೆಯ ಗೆರೆ ಅಲ್ಲೇ ಇದೆಯೋ, ಕೆಳಗೆ ಹೋಗಿದೆಯೋ ಎಂದು ನೀವೂ ನೋಡಬಹುದು.